ರೇಡಿಯೇಟರಿನ ಬಾಯಿಗೆ ಕಟ್ಟಿದ ಬಟ್ಟೆ

ನಮ್ಮ ಹಿತ್ತಲಿನ ತಂತಿಯ ಮೇಲೆ ಒಂದು ಚೌಕದ ದಪ್ಪ ಬಿಳಿ ಬಟ್ಟೆ ಒಣಗುತ್ತಿದೆ. ಮನೆಯ ಉಳಿದ ಬಟ್ಟೆಗಳ ಜೊತೆಗಲ್ಲ, ಅವುಗಳಿಂದ ಒಂದಿಷ್ಟು ದೂರ, ತಂತಿಯ ಕೊನೆಯಲ್ಲಿ, ಮುನಿಸಿಕೊಂಡ ಬೀಗರ ಹಾಗೆ. ಅದರ ನಟ್ಟನಡುವೆ ದುಂಡಗೆ ಒಂದು ಹಸಿರು ಕಲೆ ಇದೆ. ಎಷ್ಟು ಒಗೆದರೂ ಹೋಗಿಲ್ಲ. ನನ್ನ ಹೆಂಡತಿ ಸುನಂದಾ ಅದನ್ನು ಎತ್ತಿ ಎಸೆಯಲು ಆಗಾಗ ಕೈ ಹಾಕುತ್ತಾಳೆ, ನಾನು ಆಗಾಗ ಬೇಡ ಅನ್ನುತ್ತೇನೆ. ಯಾಕೆ ಬೇಡ ಎಂದು ಹೇಳಲು ಹೊರಟರೆ ದೊಡ್ಡ ಕಥೆ. ಅದೂ ಅವಳ ಕಣ್ಣೆದುರೇ ನಡೆದದ್ದು. ಅವಳಿಗೆ ಮತ್ತೆ ಹೇಳಿ ಬೈಸಿಕೊಳ್ಳುವುದಕ್ಕಿಂತ ನಿಮಗೆ ಹೇಳುವುದು ವಾಸಿ.

ನಾನು ಬಟ್ಟೆ ಅಂಗಡಿಯವನು. ಬೆಳಗಾವಿಯ ಪೇಟೆಯಲ್ಲಿ ಅಪ್ಪ ಇಟ್ಟ ಸಣ್ಣ ಅಂಗಡಿ, ನಾನು ಅದನ್ನು ದೊಡ್ಡದು ಮಾಡಲಿಲ್ಲ, ಮುಚ್ಚಲೂ ಇಲ್ಲ. ಬೇರೆ ಯಾವ ವಿದ್ಯೆಯೂ ನನಗೆ ಹತ್ತಲಿಲ್ಲವಾದರೂ ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿದರೆ ಅದರ ಜಾತಕ ಹೇಳಬಲ್ಲೆ. ಈ ಚೌಕದ ಬಟ್ಟೆಗೆ ನಮ್ಮಲ್ಲಿ ಮಾದರಪಾಟು ಅನ್ನುತ್ತಾರೆ. ಗಟ್ಟಿ ನೇಯ್ಗೆಯ ಕೋರಾ ಹತ್ತಿ. ನಮ್ಮ ಜೈನರ ಮನೆಗಳಲ್ಲಿ ನೀರು ಸೋಸಲು ಇದೇ ಬೇಕು. ಗಿರಾಕಿ ಬಂದು ಕೇಳಿದರೆ ನಾನು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಅವರ ಮುಖದೆದುರು ಹಿಡಿದು, “ಒಮ್ಮಿ ತೋಯಿಸಿದ್ರಂದ್ರ ಇದರಾಗಿಂದ ಗಾಳಿ ಸುದ್ದಾ ದಾಟೂದುಲ್ಲ ನೋಡ್ರಿ” ಎನ್ನುತ್ತಿದ್ದೆ. ಅದು ವ್ಯಾಪಾರದ ಮಾತು. ಅಪ್ಪ ಹೇಳುತ್ತಿದ್ದ, ಆಮೇಲೆ ನಾನೂ ಹೇಳಿದೆ. ಗಿರಾಕಿಗಳೂ ತಲೆಯಾಡಿಸಿ ಒಯ್ಯುತ್ತಿದ್ದರು. ಅದು ಖರೇ ಇರಬಹುದೆಂದು ಅಂಗಡಿಯ ಈಚೆ ಕೂತ ನಾನಾಗಲಿ ಆಚೆ ನಿಂತ ಅವರಾಗಲಿ ಒಂದು ದಿನವೂ ಯೋಚಿಸಿರಲಿಲ್ಲ.

ಈ ಬಟ್ಟೆಯ ನಿಜವಾದ ಒಡತಿ ನನ್ನ ಅವ್ವ, ಚಂಪವ್ವ. ವಯಸ್ಸು ಎಂಬತ್ತರ ಆಚೀಚೆ. ಸರಿಯಾಗಿ ಎಷ್ಟೆಂದು ಅವಳಿಗೆ ಗೊತ್ತಿಲ್ಲ. ಅವಳ ಅಕ್ಕನಿಗೆ ಗೊತ್ತು, ಆದರೆ ಆಕೆ ಹೇಳುವುದಿಲ್ಲ, ಹೇಳಿದರೆ ತನ್ನ ವಯಸ್ಸೂ ಹೊರಬೀಳುತ್ತದಲ್ಲ. ನೀರು ಸೋಸುವುದು ಅವ್ವನಿಗೆ ಮನೆಗೆಲಸವಲ್ಲ, ಹೆಚ್ಚುಕಡಿಮೆ ಪೂಜೆ. ನಮ್ಮ ಹಿತ್ತಲಲ್ಲಿ ಬಾವಿ ಇದೆ. ಮನೆಗೆ ನಳ ಬಂದು ಯಾವ ಕಾಲವಾಯಿತೋ, ಅವ್ವನ ನೀರು ಮಾತ್ರ ಇವತ್ತಿಗೂ ಬಾವಿಯದೇ. ಹಂಡೆಯ ಬಾಯಿಗೆ ಬಟ್ಟೆಯನ್ನು ಎರಡು ಮಡಿಕೆ ಹಾಕಿ, ಕುತ್ತಿಗೆಗೆ ದಾರ ಸುತ್ತಿ, ನಡುವೆ ಒಂದು ಕುಳಿ ಮಾಡಿ, ಆ ಕುಳಿಗೆ ಕೊಡದಿಂದ ನಿಧಾನವಾಗಿ ನೀರು ಬಿಡುತ್ತಾಳೆ. ಅಲ್ಲಿಗೆ ಮುಗಿಯುವುದಿಲ್ಲ. ಬಟ್ಟೆ ಬಿಚ್ಚಿ, ತಿರುವಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಹಾಕಿ, ಬಟ್ಟೆಯಲ್ಲಿ ಸಿಕ್ಕ ಜೀವಗಳನ್ನೆಲ್ಲ ಒಂದು ಪುಟ್ಟ ಬಕೀಟಿಗೆ ಇಳಿಸಬೇಕು. ಆ ಬಕೀಟನ್ನು ಹಗ್ಗ ಕಟ್ಟಿ ಬಾವಿಯ ನೀರು ಮುಟ್ಟುವವರೆಗೆ ಬಿಟ್ಟು, ಅಲ್ಲಿ ಮೆಲ್ಲಗೆ ಮಗುಚಬೇಕು. ಮೇಲಿನಿಂದ ಸುರಿಯುವ ಹಾಗಿಲ್ಲ. “ಅವಕ್ಕ ಪೆಟ್ಟ ಹತ್ತತೈತಿ” ಎನ್ನುತ್ತಾಳೆ.

ಚಿಕ್ಕವನಿದ್ದಾಗ ನಾನು ಆ ಹಸಿ ಬಟ್ಟೆಗೆ ಮೂಗು ತಾಗಿಸಿ ಜೀವಗಳನ್ನು ಹುಡುಕುತ್ತಿದ್ದೆ. ಒಂದು ದಿನವೂ ಏನೂ ಕಾಣಲಿಲ್ಲ. ಬಾವಿಯ ತಂಪು, ಹತ್ತಿಯ ವಾಸನೆ, ಅಷ್ಟೇ.

“ಎಲ್ಲಿ ಅದಾವ ಯವ್ವಾ?”

“ನಿನಗ ಕಾಣೂವಂಗ ಇದ್ದಿದ್ರ ಸೋಸೂದ್ಯಾಕ ಬೇಕಿತ್ತು? ಆರಿಸಿ ತಗೀತಿದ್ನಿ.”

ನಾನು ಇನ್ನೊಮ್ಮೆ ಮೂಗು ತಾಗಿಸಿ ನೋಡಿ ಎದ್ದುಹೋಗುತ್ತಿದ್ದೆ.

ಅವ್ವನ ಅಕ್ಕನನ್ನು ನೆನೆದೆನಲ್ಲ, ಆಕೆ ಖಾನಾಪುರದ ಪದ್ದವ್ವ, ನನಗೆ ದೊಡ್ಡವ್ವ. ಅಕ್ಕತಂಗಿಯರಿಬ್ಬರೂ ಒಂದೇ ಅಚ್ಚು. ನಾನಿನ್ನೂ ಚಡ್ಡಿಯಲ್ಲಿದ್ದ ಕಾಲಕ್ಕೆ ಇಬ್ಬರೂ ನನ್ನನ್ನು ಕರೆದುಕೊಂಡು ಹುಬ್ಬಳ್ಳಿಯ ಯಾವುದೋ ಮದುವೆಗೆ ಹೊರಟಿದ್ದರು. ಲೋಂಡಾದಲ್ಲಿ ಗಾಡಿ ಬದಲಿಸಬೇಕು. ಸುತ್ತ ಕಾಡು, ನಡುವೆ ಆ ಜಂಕ್ಷನ್ನು, ಹೊಗೆ, ಮಂಜು, ಯಾವುದು ಯಾವುದೆಂದು ತಿಳಿಯದು. ಎದುರಿಗೆ ಒಂದು ಉಗಿ ಎಂಜಿನ್ನು ನಿಂತು ನೀರು ಕುಡಿಯುತ್ತಿತ್ತು. ಆನೆಯ ಸೊಂಡಿಲಿನಂಥ ದಪ್ಪ ಕೊಳವೆಯಿಂದ ಧೋ ಎಂದು ನೀರು ಅದರ ಹೊಟ್ಟೆಗೆ ಇಳಿಯುತ್ತಿತ್ತು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಅವ್ವನೂ ನೋಡುತ್ತಿದ್ದಳು. ನೋಡುತ್ತಲೇ ಕೇಳಿದಳು:

“ಅಕ್ಕಾ, ಇಷ್ಟೊಂದ ನೀರ ಯಾರ ಸೋಸತಾರ?”

ದೊಡ್ಡವ್ವ ಎಂಜಿನ್ನನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, ಯೋಚಿಸಿ, “ಅಷ್ಟ ದೊಡ್ಡ ಬಟ್ಟಿ ಎಲ್ಲಿ ಸಿಗತೈತಿ ಚಂಪೀ” ಎಂದಳು. ತಮಾಷೆಗಲ್ಲ. ಖರೇ ಸಂಕಟದಿಂದ. ಆಮೇಲೆ ಇಬ್ಬರೂ ಎಂಜಿನ್ನಿಗೆ ಕೈಮುಗಿದರು. ಒಳಗೆ ಕುದಿಯಲು ಹೊರಟ ಆ ಕಾಣದ ಜೀವಗಳಿಗೆ ಕ್ಷಮೆ ಕೇಳಿದ್ದು ಅದು. ಮೇಲೆ ನಿಂತಿದ್ದ ಡ್ರೈವರು ತನಗೇ ಕೈಮುಗಿದರೆಂದು ತಿಳಿದು, ಮಸಿ ಮೆತ್ತಿದ ಎರಡೂ ಕೈ ಜೋಡಿಸಿ ತಿರುಗಿ ನಮಸ್ಕಾರ ಮಾಡಿದ.

ಈ ದೊಡ್ಡವ್ವನದೊಂದು ನೋಂಪಿ ಇದೆ. ಭಾದ್ರಪದದ ಅನಂತ ಚತುರ್ದಶಿಗೆ ನಿರ್ಜಲ ಉಪವಾಸ. ಹಿಂದಿನ ದಿನ ಸೂರ್ಯ ಮುಳುಗುವ ಮೊದಲು ಕುಡಿದ ನೀರೇ ಕೊನೆ, ಚತುರ್ದಶಿಯ ದಿನವಿಡೀ ಒಂದು ಹನಿಯೂ ಇಲ್ಲ, ಮರುದಿನ ಬಿಸಿಲು ಬಿದ್ದ ಮೇಲೆ ಪಾರಣೆ. ಮದುವೆಗೂ ಮುಂಚೆ ಹಿಡಿದ ವ್ರತ. ಮೊದಲ ವರ್ಷ ಉಪವಾಸ ಮುಗಿದ ಬೆಳಿಗ್ಗೆ ತಲೆ ಸುತ್ತಿ ಕಂಬಕ್ಕೆ ಆತುಕೊಂಡು ಕೂತಿದ್ದಳಂತೆ. ಪುಟ್ಟ ತಂಗಿ ಚಂಪಿ ಓಡಿಹೋಗಿ, ಕುದಿಸಿ ಆರಿಸಿದ ನೀರನ್ನು ಚಮಚದಲ್ಲಿ ತಂದು ಬಾಯಿಗೆ ಬಿಟ್ಟಳಂತೆ. ಅವತ್ತಿನಿಂದ ಅದೇ ಪದ್ಧತಿಯಾಯಿತು. ಪಾರಣೆಯ ಮೊದಲ ಗುಟುಕು ತಂಗಿಯ ಕೈಯಿಂದಲೇ. ನಾನು ಹುಟ್ಟಿದ ವರ್ಷ ಅವ್ವ ಬಾಣಂತಿ, ಹೊರಗೆ ಹೋಗುವ ಹಾಗಿರಲಿಲ್ಲ. ಆಗ ದೊಡ್ಡವ್ವನೇ ಉಪವಾಸದ ಬಾಯಲ್ಲಿ ಗಾಡಿ ಹತ್ತಿ ಬೆಳಗಾವಿಗೆ ಬಂದಿದ್ದಳಂತೆ.

ಈಗ ದೊಡ್ಡವ್ವನಿಗೆ ಆ ಶಕ್ತಿ ಇಲ್ಲ. ಹೋದ ವರ್ಷ ಪಾರಣೆಯ ಬೆಳಿಗ್ಗೆ ನಾವು ಕೊಂಚ ತಡವಾಗಿ ಮುಟ್ಟಿದಾಗ ಅವಳ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಡಾಕ್ಟರು ಅವಳ ಮಗನಿಗೆ, ಬೆಳಗಾದ ಕೂಡಲೇ ನೀರು ಕುಡಿಸಿರಿ, ಈ ವಯಸ್ಸಿನಲ್ಲಿ ಅದು ಆಟವಲ್ಲ ಎಂದು ಹೇಳಿದ್ದರು. ಮಗ ಲೋಟ ಹಿಡಿದು ನಿಂತರೆ ದೊಡ್ಡವ್ವ ಮುಖ ತಿರುಗಿಸುತ್ತಾಳೆ. “ಚಂಪಿ ಬರೂತನಕಾ ನನಗ ನೀರಡಿಕಿ ಆಗೂದುಲ್ಲ” ಎನ್ನುತ್ತಾಳೆ. ಹಟ ಅಲ್ಲ ಅದು, ಅವಳಿಗೆ ಹಾಗೇ ಅನಿಸುತ್ತದೆ. ಹಟವಾಗಿದ್ದರೆ ಯಾರಾದರೂ ಮುರಿಯಬಹುದಿತ್ತು.

ಹಾಗಾಗಿ ಅವ್ವನನ್ನು ಹೊತ್ತಿಗೆ ಸರಿಯಾಗಿ ಖಾನಾಪುರ ಮುಟ್ಟಿಸುವುದು ನನ್ನ ಹೊಣೆ, ನನ್ನ ಜೀಪಿನ ಹೊಣೆ. ಬೇರೆ ಗಾಡಿ ಇಲ್ಲವೇ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಅವ್ವನ ಮೊಣಕಾಲು ಬಸ್ಸಿನ ಮೆಟ್ಟಿಲು ಏರುವುದಿಲ್ಲ, ಸ್ಟೇಶನ್ನಿನ ಮೆಟ್ಟಿಲಂತೂ ದೂರದ ಮಾತು. ಕಿಟಕಿ ಮುಚ್ಚಿದ ಹೊಸ ಕಾರಿನಲ್ಲಿ ಕೂತರೆ ಗಾಡಿ ಗಲ್ಲಿ ದಾಟುವ ಮೊದಲೇ ಅವಳಿಗೆ ಹೊಟ್ಟೆ ತೊಳಸುತ್ತದೆ. ಬಾಜೂ ಮನೆಯವರು ತಮ್ಮ ಕಾರು ಕೊಡುತ್ತೇನೆಂದರೆ ಅವ್ವ, “ಪಾರಣಿ ಮಾಡಸಾಕ ಹೊಂಟಾಕಿ ಹಾದೀತುಂಬ ವಾಂತಿ ಮಾಡಕೋಂತ ಹೋಗಲೇನು?” ಎಂದು ಕೇಳಿ ಅವರನ್ನು ಸುಮ್ಮನಾಗಿಸಿದ್ದಳು. ಅವಳಿಗೆ ಒಗ್ಗುವುದು ಈ ಒಂದೇ. ಲೋಂಡಾ ಕಡೆ ಕಟ್ಟಿಗೆ ವ್ಯಾಪಾರ ಮಾಡುತ್ತಿದ್ದವನೊಬ್ಬ ಅಪ್ಪನಿಗೆ ಮಾರಿದ ಹಳೆಯ ಡೀಸೆಲ್ ಜೀಪು. ಮೇಲೆ ತಾಡಪತ್ರಿ, ಎರಡೂ ಬದಿ ಬಯಲು, ಗಾಳಿ ಈ ಕಡೆ ಹೊಕ್ಕು ಆ ಕಡೆ ಹೋಗುತ್ತದೆ. ಸುನಂದಾ ಅದರಲ್ಲಿ ಕೂರುವುದಿಲ್ಲ. ಅದರಲ್ಲಿ ಕೂತು ಮದುವೆಗೆ ಹೋದರೆ ಮುಡಿದ ಹೂವು ಮನೆಯಲ್ಲಿ, ತಾನು ಮದುವೆಯಲ್ಲಿ ಎನ್ನುತ್ತಾಳೆ.

ಈ ಸಲ ಚತುರ್ದಶಿಗೆ ಒಂದೆರಡು ದಿನ ಮೊದಲು ಜೀಪಿನ ನೀರಿನ ರಬ್ಬರ್ ಪೈಪು ಸೀಳಿತು. ಉದ್ಯಮಬಾಗದ ಹತ್ತಿರ ನಮ್ಮ ಮೆಕ್ಯಾನಿಕ್ ಪರಶುರಾಮನ ಗ್ಯಾರೇಜಿದೆ. ಅವನು ಹೊಸ ಪೈಪು ಹಾಕಿಕೊಟ್ಟು, ಗಿರಾಕಿಗಳ ಗದ್ದಲದಲ್ಲಿ, “ಸಾವ್ಕಾರ್ರ, ಈಗ ಸಾದಾ ನೀರ ಹಾಕೇನಿ. ಮನಿಯಾಗ ಇದನ್ನ ಬಿಟ್ಟು ಕೂಲಂಟ್ ಕಲಸಿ ತುಂಬಕೊಳ್ರಿ” ಎಂದು ಕಳಿಸಿದ. ಇಷ್ಟು ಸಣ್ಣ ಕೆಲಸ. ಕೆಳಗಿನ ನಲ್ಲಿ ತಿರುವಿ ಹಳೆಯದನ್ನು ಬಿಟ್ಟೆ. ಬಾವಿಯಿಂದ ಒಂದು ಬಕೀಟು ನೀರು ಸೇದಿ, ಹಸಿರು ಕೂಲಂಟ್ ಕಲಸಿ, ರೇಡಿಯೇಟರಿನ ಮುಚ್ಚಳ ತೆಗೆದು ಹೊಯ್ಯಬೇಕು ಎನ್ನುವಷ್ಟರಲ್ಲಿ ಅವ್ವ ಕಟ್ಟೆಯ ಮೇಲಿಂದ ಕೂಗಿದಳು.

“ಭರಮ್ಯಾ, ಬಾವಿ ನೀರ ಹಂಗ ಹಾಕತೀಯೇನ? ಅದು ಕುದಿಯೂ ಮಷೀನ ಅಲ್ಲೇನ? ಅದರಾಗಿನ ಜೀವಗೋಳು ಏನಾಗಬೇಕು?”

ಲೋಂಡಾದಲ್ಲಿ ಸಿಗದಿದ್ದ ಬಟ್ಟೆ ನಮ್ಮ ಮನೆಯಲ್ಲಿ ಇತ್ತು. ಅವ್ವ ಕುಂಟುತ್ತ ಬಂದು, ಹಂಡೆಗೆ ಕಟ್ಟುವ ಹಾಗೆಯೇ ರೇಡಿಯೇಟರಿನ ಬಾಯಿಗೆ ಎರಡು ಮಡಿಕೆ ಬಟ್ಟೆ ಹಾಕಿ, ದಾರ ಸುತ್ತಿ ಬಿಗಿದಳು. ನಾನು ಹೊಯ್ದೆ. ನೀರು ಮೊದಲು ಇಳಿಯಿತು, ಆಮೇಲೆ ನಿಧಾನವಾಯಿತು, ಆಮೇಲೆ ಬಟ್ಟೆಯ ಮೇಲೆ ನಿಂತು ಹೊರಗೆ ಚೆಲ್ಲಿತು. ತುಂಬಿತು ಎಂದು ತಿಳಿದು ಮುಚ್ಚಳ ಹಾಕಿದೆ. ಅವ್ವ ಬಟ್ಟೆಯನ್ನು ತೊಳೆದು ಜೀವಗಳನ್ನು ಬಾವಿಗೆ ಮುಟ್ಟಿಸಿದಳು. ಬಕೀಟಿನಲ್ಲಿ ಇಷ್ಟೊಂದು ಉಳಿಯಿತಲ್ಲ ಎಂದು ನನಗೆ ಅನಿಸದೇ ಇರಲಿಲ್ಲ. ಆದರೆ ಉಳಿತಾಯವಾದರೆ ವ್ಯಾಪಾರಿ ಯಾಕೆ ಎಂದು ಕೇಳುತ್ತಾನೆಯೇ.

ಚತುರ್ದಶಿಯ ಮಧ್ಯಾಹ್ನ ಹೊರಟೆವು. ರಾತ್ರಿ ಖಾನಾಪುರದಲ್ಲೇ ಮಲಗಿ ಬೆಳಿಗ್ಗೆ ಪಾರಣೆ ಮಾಡಿಸುವುದೆಂದು ಲೆಕ್ಕ. ಅವ್ವನ ತೊಡೆಯ ಮೇಲೆ ಕುದಿಸಿ ಆರಿಸಿದ ನೀರಿನ ತಂಬಿಗೆ, ಅದರ ಬಾಯಿಗೂ ಬಟ್ಟೆ. ಪೀರನವಾಡಿ ದಾಟುತ್ತಿದ್ದ ಹಾಗೆ ಕಾವಿನ ಮುಳ್ಳು ಮೇಲೇರಿತು. ಇನ್ನೊಂದಿಷ್ಟು ಹೋಗುವುದರಲ್ಲಿ ಬಾನೆಟ್ಟಿನ ಸಂದಿಯಿಂದ ಆವಿ ಬಂತು. ನಿಲ್ಲಿಸಿ, ಬೇವಿನ ಗಿಡದ ನೆರಳಲ್ಲಿ ಕೂತು, ಆರಿದ ಮೇಲೆ ಒಂದಿಷ್ಟು ದೂರ, ಮತ್ತೆ ನಿಲ್ಲಿಸುವುದು. ಹೀಗೆ ಮುಂದೆ ಹೋಗುವುದಂತೂ ಸಾಧ್ಯವಿರಲಿಲ್ಲ. ಹಾಗೂ ಹೀಗೂ ಮನೆಗೇ ತಿರುಗಿ ಬಂದೆವು. ದಾರಿಯುದ್ದಕ್ಕೂ ಅವ್ವ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅವತ್ತು ಬೆಳಗಾವಿಯಲ್ಲಿ ಗಣಪತಿ ಕಳಿಸುವ ದಿನ. ನಮ್ಮೂರಿನ ವಿಸರ್ಜನೆಯ ಮೆರವಣಿಗೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಈ ಸಂಜೆ ಹೊರಟದ್ದು ನಾಳೆಯಾದರೂ ಮುಗಿಯುವುದಿಲ್ಲ. ಗ್ಯಾರೇಜುಗಳೆಲ್ಲ ಬಂದ್. ಪರಶುರಾಮನಿಗೆ ಫೋನ್ ಹಚ್ಚಿದರೆ ಆ ಕಡೆಯಿಂದ ಬಂದದ್ದು ಅವನ ದನಿಯಲ್ಲ, ಢೋಲು ತಾಶೆಯ ದನಿ. ಅವನು ತನ್ನ ಮಂಡಳದ ಗಣಪತಿಯ ಮುಂದೆ ಢೋಲು ಕಟ್ಟಿಕೊಂಡು ನಿಂತಿದ್ದ. ನಾನು ಕೂಗಿ ಕೂಗಿ ಹೇಳಿದೆ.

“ಏರ್ ಹಿಡದೈತ್ರಿ ಸಾವ್ಕಾರ್ರ,” ಎಂದ ಅವನು. “ಒಳಗ ಗಾಳಿ ಕುಂತೈತಿ. ಗಾಳಿ ಕುಂತಲ್ಲಿ ನೀರ ಹೋಗೂದುಲ್ಲ.”

“ಏನ ಮಾಡ್ಲೋ ಈಗ?”

“ಪೂರಾ ಥಂಡ ಆದಮ್ಯಾಲ ಮುಚ್ಚಳ ತಗೀರಿ. ಬಿಸಿ ಇದ್ದಾಗ ಮುಟ್ಟಿದ್ರ ಮಾರಿ ಸುಡತೈತಿ ಮತ್ತ. ಗಾಡಿ ಮೂತಿ ಮ್ಯಾಲ ಮಾಡಿ ನಿಂದರಸ್ರಿ. ಬಾಯಿ ತೆರದ ಇಟ್ಟು ಚಾಲೂ ಮಾಡ್ರಿ. ಮ್ಯಾಲಿನ ಪೈಪ ಹಿಚಕ್ರಿ, ನೀರ ಇಳದಂಗ ಹಾಕಕೋಂತ ಹೋಗ್ರಿ. ಗುಳ್ಳಿ ನಿಲ್ಲೂತನಕಾ ಮುಚ್ಚಬ್ಯಾಡ್ರಿ. ಗಣಪತಿ ಬಪ್ಪಾ...” ಮುಂದಿನದು ಸಾವಿರ ಜನರ ದನಿಯಲ್ಲಿ ಮುಳುಗಿಹೋಯಿತು.

ಮೂತಿ ಮೇಲೆ ಮಾಡುವುದು ನಮ್ಮಲ್ಲಿ ಕಷ್ಟವಿಲ್ಲ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಅದು ನಮ್ಮ ಮನೆಗಿಂತ ಎತ್ತರವಾಗಿದೆ. ಅಂಗಳದಿಂದ ಗೇಟಿನವರೆಗೆ ಒಳ್ಳೆಯ ಏರು. ಅದರ ಮೇಲೆ ಜೀಪನ್ನು ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕೆಂಪು ಕಲ್ಲು ಕೊಟ್ಟೆ. ಆರುವವರೆಗೆ ಕಾಯಬೇಕು. ಕಾಯುವುದು ನನಗೆ ಹೊಸದಲ್ಲ, ಅಂಗಡಿಯಲ್ಲಿ ಗಿರಾಕಿಗೆ ಕಾದು ಕಾದು ಮುದುಕನಾದವನು. ಆದರೆ ಅವತ್ತಿನ ಕಾಯುವಿಕೆಯಲ್ಲಿ ಅವ್ವ ಕಟ್ಟೆಯ ಮೇಲೆ ಕೂತಿದ್ದಳು, ಅವಳ ಕಣ್ಣು ಸೂರ್ಯನ ಮೇಲಿತ್ತು, ಮತ್ತು ಖಾನಾಪುರದಲ್ಲಿ ಒಬ್ಬಳು ಒಣಗಿದ ತುಟಿಯಲ್ಲಿ ಜಪ ಮಾಡುತ್ತ ಕೂತಿದ್ದಳು. ಕತ್ತಲಾದ ಮೇಲೆ ಗಾಡಿಯ ದೀಪಕ್ಕೆ ಹುಳ ಬಡಿದು ಸಾಯುತ್ತವೆಂದು ಅವ್ವ ಜೀಪು ಹತ್ತುವುದಿಲ್ಲ, ಹಾಗಾಗಿ ಸುನಂದಾ ಖಾನಾಪುರಕ್ಕೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಬರುತ್ತೇವೆ, ತಡವಾದರೆ ನೀರು ಕುಡಿಸಿರಿ ಎಂದಳು. ದೊಡ್ಡವ್ವನ ಮಗ, “ನೀವ ಹೇಳೂದ ಹೇಳ್ರಿ ವೈನೀ, ಆಕಿ ಕುಡಿಯೂದುಲ್ಲ” ಎಂದ.

ಬಾನೆಟ್ಟು ತಣ್ಣಗಾದ ಮೇಲೆ ಗೋಣಿತಟ್ಟು ಒತ್ತಿ ಹಿಡಿದು ಮುಚ್ಚಳ ತಿರುವಿದೆ. ಬಗ್ಗಿ ನೋಡಿದರೆ ಒಳಗೆ ನೀರೇ ಇಲ್ಲ. ಚೆಲ್ಲುವಷ್ಟು ತುಂಬಿದ್ದು ಎಲ್ಲಿ ಹೋಯಿತೆಂದು ತಲೆ ಕೆರೆದುಕೊಂಡೆ. ಉಳಿದಿದ್ದ ಕೂಲಂಟಿಗೆ ಅವ್ವ ಈ ಸಲ ಕುದಿಸಿ ಆರಿಸಿದ ನೀರನ್ನೇ ಕೊಟ್ಟಳು. ಕಲಸಿ ತಂದೆ. ಬಾಯಿ ತೆರೆದೇ ಇರಬೇಕಂತೆ ಎಂದೆ. ಅವ್ವ ಒಪ್ಪಲಿಲ್ಲ. ಸಂಜೆ ಹೊತ್ತು, ಹುಳಹುಪ್ಪಡಿ ಹಾರಾಡುವ ಸಮಯ, ಬಿಸಿ ನೀರಲ್ಲಿ ಬಿದ್ದು ಸತ್ತರೆ ಅನಂತ ಚತುರ್ದಶಿಯ ದಿನ ಆ ಪಾಪ ಯಾರಿಗೆ. ಮತ್ತೆ ಬಟ್ಟೆ ತೋಯಿಸಿ, ಮಡಿಸಿ, ಬಾಯಿಗೆ ಬಿಗಿದಳು. ನಾನು ಹೊಯ್ದೆ, ಒಂದಿಷ್ಟು ಇಳಿಯಿತು, ಉಳಿದದ್ದು ಮೇಲೆ ನಿಂತಿತು. ಸುನಂದಾ ಹಣೆ ಚಚ್ಚಿಕೊಳ್ಳುತ್ತ ಸ್ಟೇರಿಂಗ್ ಮುಂದೆ ಹೋಗಿ ಕೂತು, ಜೀಪು ಚಾಲೂ ಮಾಡಿದಳು.

ಆಗ ನಾನು ನೋಡಿದ್ದನ್ನು ಹೇಗೆ ಹೇಳಲಿ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆ ಒದ್ದೆ ಬಟ್ಟೆ ನಿಧಾನವಾಗಿ ಮೇಲೆದ್ದಿತು. ಕಪ್ಪೆಯ ಗಂಟಲಿನ ಹಾಗೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಕೆಳಗಿನಿಂದ ಯಾರೋ ಉಸಿರಾಡುತ್ತಿದ್ದರು. ಬಟ್ಟೆಯ ಮೇಲೆ ನಾನು ಹೊಯ್ದ ಹಸಿರು ನೀರು ಹಾಗೇ ನಿಂತಿತ್ತು, ಒಂದು ಹನಿಯೂ ಇಳಿಯುತ್ತಿರಲಿಲ್ಲ. ಮೇಲೆ ನೀರು, ಕೆಳಗೆ ಗಾಳಿ, ನಡುವೆ ನನ್ನ ಅಂಗಡಿಯ ಮಾದರಪಾಟು. ಒಮ್ಮಿ ತೋಯಿಸಿದ್ರಂದ್ರ ಇದರಾಗಿಂದ ಗಾಳಿ ಸುದ್ದಾ ದಾಟೂದುಲ್ಲ ನೋಡ್ರಿ. ನನ್ನ ದನಿ ನನ್ನ ಕಿವಿಯಲ್ಲೇ ಕೇಳಿಸಿತು. ಅಷ್ಟು ವರ್ಷ ಹೇಳಿದ ಸುಳ್ಳು ನನ್ನೆದುರು ನಿಜವಾಗಿ ಉಬ್ಬಿ ಕೂತಿತ್ತು. ನಾವೇ ಗಾಳಿಯನ್ನು ಒಳಗೆ ಕೂಡಿಹಾಕಿದ್ದೆವು. ಜೀವ ಉಳಿಸಲು ಕಟ್ಟಿದ ಬಟ್ಟೆ ಜೀಪಿನ ಉಸಿರು ಕಟ್ಟಿಸಿತ್ತು.

“ಯವ್ವಾ, ಬಟ್ಟಿ,” ಎಂದೆ.

ಅವ್ವನೂ ನೋಡುತ್ತಿದ್ದಳು. “ಅದರ ಬಾಯಿ ಕಟ್ಟೇವಲ್ಲೋ ಭರಮ್ಯಾ,” ಎಂದಳು ಮೆಲ್ಲಗೆ.

ಸುನಂದಾಳಿಗೆ ಬಂದ್ ಮಾಡೆಂದು ಕೈ ಮಾಡಿ ದಾರ ಬಿಚ್ಚುವಷ್ಟರಲ್ಲಿ ಬಟ್ಟೆ ಬದಿಗೆ ಸರಿದು, ಒಳಗಿನದು ಗೊಳಕ್ ಎಂದು ಹಸಿರು ಉಗುಳಿತು. ತಂತಿಯ ಮೇಲಿನ ಆ ದುಂಡು ಕಲೆ ಅವತ್ತಿನದು. ಅವ್ವ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಒಂದು ಕ್ಷಣ ನೋಡಿ, ಇನ್ನು ಇದು ಹಂಡೆಗೆ ಬಾರದು ಎಂದು ದೂರ ಇಟ್ಟಳು. ಆಮೇಲೆ ಒಳಗೆ ಹೋಗಿ ಬೀಸಣಿಗೆ ತಂದಳು. ಸುನಂದಾ ಮತ್ತೆ ಜೀಪು ಚಾಲೂ ಮಾಡಿದಳು.

ನೀವು ನಗಬಹುದು. ಆ ಸಂಜೆ ನಮ್ಮ ಓಣಿಯಲ್ಲಿ ಹೋದವರೆಲ್ಲ ನಿಂತು ನೋಡಿ ನಕ್ಕಿದ್ದಾರೆ. ಎಂಬತ್ತರ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೀಪಿನ ಫ್ಯಾನಿನಿಂದ ದೂರ, ಕುರ್ಚಿ ಹಾಕಿಕೊಂಡು ಕೂತು, ರೇಡಿಯೇಟರಿನ ತೆರೆದ ಬಾಯಿಗೆ ಒಂದೂ ಹುಳ ಬೀಳದಂತೆ ಉದ್ದ ಹಿಡಿಕೆಯ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಮೂಗಿನ ಮೇಲೆ ಬೆರಳಿಟ್ಟು ನಿಂತ ಒಬ್ಬಾಕೆಗೆ ಸುನಂದಾ, “ಏನ್ ಮಾಡೂದ್ರಿ ಅಕ್ಕಾರ, ಜೀಪಿಗೆ ಮೈಯಾಗ ಆರಾಮ ಇಲ್ಲ” ಎಂದು ಗಂಭೀರವಾಗಿ ಹೇಳಿದಳು.

ನಾನು ಕೆಟಲಿನಿಂದ ಸಣ್ಣ ಧಾರೆಯಲ್ಲಿ ಹೊಯ್ಯುತ್ತ, ಇನ್ನೊಂದು ಕೈಗೆ ಬಟ್ಟೆ ಸುತ್ತಿಕೊಂಡು ಮೇಲಿನ ಪೈಪನ್ನು ಹಿಚುಕುತ್ತಿದ್ದೆ. ನನ್ನ ಅವಸರ ನೋಡಿ ಅವ್ವ ತಡೆದಳು.

“ಸಾವಕಾಶ ಹಾಕು. ಉಪಾಸ ಇದ್ದ ಹೊಟ್ಟಿ ಅದು. ಒಂದ ಗುಟುಕ ಹಾಕು, ತಡಿ. ಗಾಳಿ ಹೊರಗ ಬರಲಿ, ಆಮ್ಯಾಲ ಇನ್ನೊಂದು.”

ಪೈಪು ಹಿಚುಕಿದಾಗೊಮ್ಮೆ ಆಳದಿಂದ ಒಂದು ಗುಳ್ಳೆ ಬರುತ್ತಿತ್ತು. ಬಂದು, ಬಾಯಿಯಲ್ಲಿ ಕ್ಷಣ ನಿಂತು, ಒಡೆಯುತ್ತಿತ್ತು. ಅಷ್ಟು ನೀರು ಇಳಿಯುತ್ತಿತ್ತು. “ಗಾಳಿ ಹೋತು, ಇನ್ನ ಹಾಕು” ಎನ್ನುತ್ತಿದ್ದಳು ಅವ್ವ. ಹಾಕುತ್ತಿದ್ದೆ. ಎಂಜಿನ್ನಿನ ಒಳಗೆ, ನೀರು ಸಾಕಷ್ಟು ಬಿಸಿಯಾದಾಗ ತಾನಾಗಿಯೇ ತೆರೆಯುವ ಒಂದು ಸಣ್ಣ ಬಾಗಿಲಿದೆಯಂತೆ. ಅದಕ್ಕೆ ಯಾರೂ ಹೇಳುವುದಿಲ್ಲ, ಕಾವು ತಾಗಿದರೆ ಅದಕ್ಕೇ ತಿಳಿಯುತ್ತದೆ. ಅದು ತೆರೆಯಿತು ಕಾಣುತ್ತದೆ. ಬಾಯಿತನಕ ಇದ್ದ ನೀರು ಒಮ್ಮೆಲೇ ಇಳಿದು ಕಾಣದಾಯಿತು, ಒಳಗೆಲ್ಲೋ ದೂರದಲ್ಲಿ ಗುಡುಗಿದ ಹಾಗಾಯಿತು, ಆಮೇಲೆ ಎಲ್ಲಕ್ಕಿಂತ ದೊಡ್ಡ ಒಂದು ಗುಳ್ಳೆ ಮೇಲೆದ್ದು ಬಂದು ಒಡೆಯಿತು. ಇಡೀ ಜೀಪು ಒಮ್ಮೆ ಮೈ ಕೊಡವಿದಂತೆ ನನಗನಿಸಿತು. ಎಂಜಿನ್ನಿನ ದನಿಯೇ ಬದಲಾಯಿತು. ಆ ತನಕ ಹಲ್ಲು ಕಚ್ಚಿ ದುಡಿಯುತ್ತಿದ್ದದ್ದು ಈಗ ಸುಮ್ಮನೆ ಗುನುಗುತ್ತಿತ್ತು.

ಸುನಂದಾ ಸ್ಟೇರಿಂಗ್ ಬಿಟ್ಟು ಇಳಿದು ಬಂದಳು. ನಾವು ಮೂವರೂ ದೂರದಿಂದಲೇ ಆ ಬಾಯಿಯತ್ತ ಬಗ್ಗಿ ನಿಂತೆವು. ಸಾಸಿವೆಯಂಥ ಸಣ್ಣ ಗುಳ್ಳೆಗಳು ಬಂದವು, ವಿರಳವಾದವು, ನಿಂತವು. ಬಾಯಿತುಂಬ ಹಸಿರು ನೀರು ಅಲುಗದೆ ನಿಂತಿತು, ಅದರಲ್ಲಿ ಸಂಜೆಯ ಆಕಾಶ ಕಂಡಿತು. ಹಸಿ ಬಟ್ಟೆಗೆ ಮೂಗು ತಾಗಿಸಿ ಏನೂ ಕಾಣದೆ ಎದ್ದುಹೋಗುತ್ತಿದ್ದ ಹುಡುಗನಿಗೆ ಕಡೆಗೂ ಏನೋ ಕಂಡಿತ್ತು.

“ಇಷ್ಟೊತ್ತ ಎಲ್ಲಿ ಕುಂತಿತ್ತೋ ಅದು,” ಎಂದಳು ಅವ್ವ, ಬೀಸಣಿಗೆ ನಿಲ್ಲಿಸದೆ. “ಕಣ್ಣಿಗೆ ಕಾಣೂದುಲ್ಲ, ಕೈಗೆ ಸಿಗೂದುಲ್ಲ. ಇಷ್ಟ ದೊಡ್ಡ ಗಾಡೀನ ಹಾದ್ಯಾಗ ನಿಂದರಸಿತ್ತಲ್ಲ.”

ನಾನು ಮುಚ್ಚಳ ಹಾಕಿದೆ. ಸೂರ್ಯ ಮುಳುಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಕತ್ತಲಾದ ಮೇಲೆ ನೀರನ್ನೂ ಮುಟ್ಟದ ಅವ್ವ ಅವತ್ತಿನ ಕೊನೆಯ ನೀರು ಕುಡಿದು ಬಾಯಿ ಮುಕ್ಕಳಿಸಿದಳು.

ಮರುದಿನ ಬೆಳಕು ಹರಿಯುತ್ತಿದ್ದಂತೆ ಹೊರಟೆವು. ಹಿಂದೆ ಊರಿನಲ್ಲಿ ಢೋಲು ಇನ್ನೂ ಕೇಳುತ್ತಿತ್ತು. ಪೀರನವಾಡಿ ಬಂತು. ನಾನು ರಸ್ತೆಗಿಂತ ಹೆಚ್ಚು ಮುಳ್ಳನ್ನೇ ನೋಡುತ್ತಿದ್ದೆ. ನಿನ್ನೆ ನಿಂತ ಬೇವಿನ ಗಿಡ ಬಂತು, ಹಿಂದೆ ಹೋಯಿತು. ಮುಳ್ಳು ನಡುವೆ ಬಂದು ನಿಂತದ್ದು ಮತ್ತೆ ಏಳಲಿಲ್ಲ. ಭತ್ತದ ಗದ್ದೆಗಳ ಮೇಲೆ ಮಂಜು ಇತ್ತು, ಎರಡೂ ಬದಿಯಿಂದ ತಣ್ಣನೆಯ ಗಾಳಿ ಹೊಕ್ಕು ಹೋಗುತ್ತಿತ್ತು. ಅವ್ವ ತಂಬಿಗೆ ಹಿಡಿದು ನೆಟ್ಟಗೆ ಕೂತಿದ್ದಳು. ಈ ಸಲ ಅದರ ಬಾಯಿಗೆ ಅಂಗಡಿಯಿಂದ ತಂದ ಹೊಸ ಬಟ್ಟೆ. ಹಿಂದಿನ ಸೀಟಿನಲ್ಲಿ ಸುನಂದಾ ಕೂತಿದ್ದಳು, ಹೂವು ಮುಡಿಯದೆ.

ಖಾನಾಪುರದಲ್ಲಿ ದೊಡ್ಡವ್ವನ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ಜೀಪು ಬಾಗಿಲೆದುರು ನಿಂತಾಗ ಪಡಸಾಲೆಯಲ್ಲಿ ಬಿಸಿಲು ಬಿದ್ದಿತ್ತು. ದೊಡ್ಡವ್ವ ಕಂಬಕ್ಕೆ ಒರಗಿ ಕೂತಿದ್ದಳು. ಮಗ, ಸೊಸೆ ಲೋಟ ಹಿಡಿದು ಬಾಜೂ ನಿಂತಿದ್ದರು. ಅವರ ಮುಖ ನೋಡಿದರೆ ಬಹಳ ಹೊತ್ತಿನಿಂದ ನಿಂತಿದ್ದಾರೆಂದು ತಿಳಿಯುತ್ತಿತ್ತು. ದೊಡ್ಡವ್ವನ ಕಣ್ಣು ಅರೆ ಮುಚ್ಚಿತ್ತು. ತುಟಿಗಳು ಬಿಳಿಚಿ ಸೀಳಿದ್ದವು. ಜೀಪಿನ ಸದ್ದಿಗೆ ಆ ಕಣ್ಣು ತೆರೆಯಿತು.

ಅವ್ವ ಕೈಕಾಲು ತೊಳೆದು, ಅಕ್ಕನ ಪಕ್ಕದಲ್ಲಿ ಕಷ್ಟಪಟ್ಟು ಕೂತು, ಣಮೋಕಾರ ಮಂತ್ರ ಹೇಳಿ, ಬೆಳ್ಳಿಯ ಚಮಚದಲ್ಲಿ ನೀರು ತೆಗೆದಳು. ದೊಡ್ಡವ್ವನ ಗದ್ದ ತುಸು ಮೇಲೆ ಮಾಡಿ ಮೊದಲ ಚಮಚ ಬಿಟ್ಟಳು. ಬಿಟ್ಟು, ತಡೆದಳು. ಎಡಗೈಯಿಂದ ಅಕ್ಕನ ಬೆನ್ನು ನೀವಿದಳು. ಒಣಗಿದ ಗಂಟಲಲ್ಲಿ ನೀರು ಇಳಿದದ್ದು ಕಂಡಿತು. ಒಳಗೆಲ್ಲೋ ಗುಳಕ್ ಎಂದಿತು, ಆಮೇಲೆ ದೊಡ್ಡವ್ವ ಒಂದು ಸಣ್ಣ ತೇಗು ತೇಗಿದಳು.

“ಗಾಳಿ ಹೋತು,” ಎಂದಳು ಅವ್ವ. “ಇನ್ನ ಕುಡಿ.”

ನಾನೂ ಸುನಂದಾಳೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ನನ್ನ ಬಲಗೈ ಗೊತ್ತಿಲ್ಲದೆಯೇ ಗಾಳಿಯಲ್ಲಿ ಪೈಪು ಹಿಚುಕುತ್ತಿತ್ತು.

ಎರಡನೆಯ ಚಮಚ ತುಟಿಯ ಹತ್ತಿರ ಬಂದಾಗ ದೊಡ್ಡವ್ವ ಕೈ ಅಡ್ಡ ಹಿಡಿದಳು. ನಾಲಿಗೆ ಇನ್ನೂ ತೊದಲುತ್ತಿತ್ತು.

“ನಿನ್ನಿ ಯಾಕ ಬರ್ಲಿಲ್ಲ ಚಂಪೀ?”

“ಮನಿಯಾಗ ಇನ್ನೊಂದ ಪಾರಣಿ ಇತ್ತಕ್ಕಾ. ಅದನ್ನ ಮುಗಿಸಿ ಬಂದ್ನಿ.”

“ಯಾರದ?”

ಅವ್ವ ಚಮಚ ಹಿಡಿದ ಕೈಯಿಂದಲೇ ಬಾಗಿಲಾಚೆ ತೋರಿಸಿದಳು. ಜೀಪು ಬಿಸಿಲಲ್ಲಿ ನಿಂತು ಟಿಕ್ ಟಿಕ್ ಎಂದು ಆರುತ್ತಿತ್ತು. ದೊಡ್ಡವ್ವ ಅದನ್ನು ಮೂತಿಯಿಂದ ಬಾಲದವರೆಗೆ ನೋಡಿದಳು. ನಗಲಿಲ್ಲ. ಯೋಚಿಸಿದಳು.

“ನೀರ ಸೋಸಿ ಹಾಕಿದ್ರ್ಯಾ?”

“ಸೋಸೇವಿ,” ಎಂದಳು ಅವ್ವ. “ಕುದಿಸಿ, ಆರಿಸಿ ಹಾಕೇವಿ.”

ಅದನ್ನು ಕೇಳಿದ ಮೇಲೆ ದೊಡ್ಡವ್ವ ಬಾಯಿ ತೆರೆದಳು.